ಅಜ್ಜಿ ಕೇಳಿದ್ದಕ್ಕೆ ಉತ್ತರ ಹೇಳುವಷ್ಟು ಹೀಬ್ರೂ ಕಲಿಸಿ: ಅಮೆರಿಕದ ಯಹೂದಿ ಹಿರಿಯರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಕಮಿಟಿಗಳ ಹಿರಿಯರಿಗೆ, ಧರ್ಮಗುರುಗಳಾದ ರಬ್ಬಿಗಳಿಗೆ, ಮಕ್ಕಳಿಗೆ ಹೀಬ್ರೂ ಸ್ಕೂಲ್ ನಡೆಸುವ ಟೀಚರ್‌ಗಳಿಗೆ,

ಶಾಲೋಮ್, ಮತ್ತೆ ನಮ್ಮೂರಿನ ನಮಸ್ಕಾರ.

ನಾನು ಮಂಗಳೂರಿನವಳು. ಇಸ್ರೇಲ್‌ನ ಹೈಫಾದಲ್ಲಿ ಮೆತಪ್ಪೆಲೆತ್ ಆಗಿ ಒಂಬತ್ತು ವರ್ಷ ಆಯ್ತು, ಅಂದ್ರೆ ವಯಸ್ಸಾದವರ ಮನೆಯಲ್ಲೇ ಉಳಿದು ಅವರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕರಾವಳಿ ಕಡೆಯವರು ಈ ಕೆಲಸದಲ್ಲಿ ಈ ದೇಶದಲ್ಲಿ ತುಂಬಾ ಜನ ಇದ್ದೇವೆ. ಪತ್ರ ಕನ್ನಡದಲ್ಲಿ ಯಾಕೆ ಅಂದ್ರೆ ಮನಸ್ಸಲ್ಲಿದ್ದದ್ದು ಪೂರ್ತಿ ಹೇಳ್ಲಿಕ್ಕೆ ನನಗೆ ಬರುವುದು ಇದರಲ್ಲೇ, ಮತ್ತೆ ನ್ಯೂಜೆರ್ಸಿಯಲ್ಲಿ ಚಿಕಾಗೋದಲ್ಲಿ ನಮ್ಮ ಕನ್ನಡದವರು ನಿಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ, ನಿಮ್ಮ ಜೊತೆ ಆಫೀಸಿಗೆ ಹೋಗ್ತಾರೆ, ಓದಿದವರು ಯಾರಾದ್ರೂ ನಿಮಗೆ ದಾಟಿಸ್ತಾರೆ ಅಂತ ನಂಬಿಕೆ ಉಂಟು. ನಾನು ಯಹೂದಿ ಅಲ್ಲ, ಬಾಸೆಲ್ ಮಿಷನ್ ಇಗರ್ಜಿಯ ಮನೆತನ ನಮ್ಮದು. ಹೊರಗಿನವಳು ನಿಮ್ಮ ಮನೆ ವಿಷಯ ಯಾಕೆ ಮಾತಾಡ್ತಾಳೆ ಅಂತ ನಿಮಗೆ ಅನಿಸಬಹುದು. ಆದ್ರೆ ಒಬ್ಬ ಅಜ್ಜಿ ಮತ್ತು ಅವರ ಮೊಮ್ಮಗನ ನಡುವೆ ಕೂತು ಹತ್ತು ದಿನ ಟ್ರಾನ್ಸ್‌ಲೇಟ್ ಮಾಡಿದವಳು ನಾನೇ, ಹಾಗಾಗಿ ನೋಡಿದ್ದನ್ನು ಹೇಳದೆ ಇರ್ಲಿಕ್ಕೆ ಆಗ್ತಾ ಇಲ್ಲ.

ನಾನು ನೋಡಿಕೊಳ್ಳುವ ಸಾವ್ತಾಗೆ 88 ವರ್ಷ. ಸಾವ್ತಾ ಅಂದ್ರೆ ಹೀಬ್ರೂದಲ್ಲಿ ಅಜ್ಜಿ. ಅವರ ಮಗ ಪ್ರಾಯದಲ್ಲೇ ಅಮೆರಿಕಕ್ಕೆ ಹೋಗಿ ಅಲ್ಲೇ ಮದುವೆ ಆಗಿ ನ್ಯೂಜೆರ್ಸಿಯಲ್ಲಿ ನೆಲೆ ನಿಂತವರು, ಮನೆಯಲ್ಲಿ ಇಂಗ್ಲಿಷ್. ಕಳೆದ ಸಲ ಅವರು ಫ್ಯಾಮಿಲಿ ಸಮೇತ ಬಂದದ್ದು ಜುಲೈಯಲ್ಲಿ, ಹೈಫಾದ ಜುಲೈ ಸೆಖೆ ಅಂದ್ರೆ ನಮ್ಮ ಮಂಗಳೂರಿನ ಮೇ ತಿಂಗಳಿನ ಹಾಗೇ, ಮೈಗೆ ಅಂಟುವ ಸೆಖೆ. ಮೊಮ್ಮಗನಿಗೆ ಹದಿಮೂರು ತುಂಬಿ ಜೂನ್‌ನಲ್ಲಿ ಬಾರ್ ಮಿತ್ಸ್ವಾ ಆಗಿತ್ತು, ಅಂದ್ರೆ ಆ ಪ್ರಾಯದ ಹುಡುಗರು ಸಿನಗಾಗ್‌ನಲ್ಲಿ ಎಲ್ಲರ ಎದುರು ತೋರಾದ (ಮೋಶೆಯ ಐದು ಪುಸ್ತಕಗಳ) ಒಂದು ಭಾಗ ಹಾಡುವ ಸಂಸ್ಕಾರ. ಸೊಂಟದ ಆಪರೇಷನ್ ಆದ್ದರಿಂದ ಸಾವ್ತಾಗೆ ವಿಮಾನ ಹತ್ತಲಿಕ್ಕೆ ಆಗಿರಲಿಲ್ಲ, ಅದಕ್ಕೆ ಹುಡುಗ ಇಲ್ಲಿ ಅಜ್ಜಿಯ ಎದುರೇ ತನ್ನ ಭಾಗವನ್ನು ಹಾಡಿ ತೋರಿಸ್ತೇನೆ ಅಂದ.

ಶುಕ್ರವಾರ ರಾತ್ರಿ ಊಟ ಆಗಿ ಟೇಬಲ್ ಒರೆಸಿ ಆಗಿತ್ತು, ಮೇಣದಬತ್ತಿ ಇನ್ನೂ ಉರೀತಾ ಇತ್ತು. ಹುಡುಗ ಎದ್ದು ನಿಂತು ಪುಸ್ತಕ ಇಲ್ಲದೆ ಹಾಡಿದ. ಎಷ್ಟು ಚಂದ ಹಾಡಿದ ಅಂದ್ರೆ ಸಾವ್ತಾ ಕಣ್ಣು ಮುಚ್ಚಿ ಕೇಳಿದ್ರು, ಕೈಯಲ್ಲಿದ್ದ ಕರವಸ್ತ್ರ ಒದ್ದೆ ಆಗಿತ್ತು. ಅದು ಮೋಶೆ ಕಳಿಸಿದ ಹನ್ನೆರಡು ಗೂಢಚಾರರು ದೇಶ ನೋಡಿಕೊಂಡು ದ್ರಾಕ್ಷಿ ಗೊನೆ ಹೊತ್ತುಕೊಂಡು ವಾಪಸ್ ಬರುವ ಭಾಗ, ನಮ್ಮ ಕನ್ನಡ ಬೈಬಲ್‌ನಲ್ಲಿ ಅರಣ್ಯಕಾಂಡ 13ನೇ ಅಧ್ಯಾಯ, ನಾನು ಸಣ್ಣದಿರುವಾಗ ಸಂಡೇ ಸ್ಕೂಲಲ್ಲಿ ಚಿತ್ರ ಬಿಡಿಸಿದ್ದು ಇದನ್ನೇ.

ಹಾಡಿ ಮುಗಿದ ಮೇಲೆ ಸಾವ್ತಾ ಅವನ ಕೈ ಹಿಡಿದು ಕೇಳಿದ್ರು, "ಮಾ ಕರಾತಾ, ಮೋತೆಕ್?" ಏನು ಓದಿದೆ ಬಂಗಾರ ಅಂತ. ಹುಡುಗ ನನ್ನ ಮುಖ ನೋಡಿದ. ಅಪ್ಪ ಕೆಳಗೆ ಕಾರಿನ ಹತ್ರ ಹೋಗಿದ್ರು. ನಾನು ಇಂಗ್ಲಿಷಲ್ಲಿ ಹೇಳಿದೆ. ಅವನು ಇಂಗ್ಲಿಷಲ್ಲಿ ಗೂಢಚಾರರ ಕಥೆ ಅಂದ, ನಾನು ಅದನ್ನು ಹೀಬ್ರೂ ಮಾಡಿದೆ. ಸಾವ್ತಾ ಮತ್ತೆ ಕೇಳಿದ್ರು, ಅದರಲ್ಲಿ ಯಾವ ಶಬ್ದ ನಿನಗೆ ತುಂಬಾ ಇಷ್ಟ ಆಯ್ತು ಅಂತ. ಅದನ್ನೂ ಹೇಳಿದೆ. ಹುಡುಗ ತುಂಬಾ ಹೊತ್ತು ಸುಮ್ಮನೆ ಇದ್ದ. ಆಮೇಲೆ ಸಣ್ಣ ಸ್ವರದಲ್ಲಿ, ನನಗೆ ಎಲ್ಲಿ ಒಂದು ಶಬ್ದ ಮುಗಿದು ಇನ್ನೊಂದು ಶುರು ಆಗ್ತದೆ ಅಂತ ಗೊತ್ತಿಲ್ಲ ಅಂದ. ಟೀಚರ್ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಫೋನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿದ್ದು ಅಂತೆ, ಎಂಟು ತಿಂಗಳು. ಆ ಮಾತನ್ನು ಸಾವ್ತಾಗೆ ಹೀಬ್ರೂ ಮಾಡ್ಲಿಕ್ಕೆ ನನಗೆ ಬಾಯಿ ಬರಲಿಲ್ಲ, ಅವನಿಗೆ ಎಲ್ಲಾ ಶಬ್ದವೂ ಇಷ್ಟ ಅಂತೆ ಅಂದುಬಿಟ್ಟೆ. ಒಂಬತ್ತು ವರ್ಷದಲ್ಲಿ ಅವರ ಹತ್ರ ನಾನು ಹೇಳಿದ ಸುಳ್ಳು ಅದೊಂದೇ.

ಮರುದಿನ ಬೆಳಿಗ್ಗೆ ಅವನು ಫ್ರಿಜ್ ತೆಗೆದು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅದರ ಮೇಲಿದ್ದ ಮೂರು ಅಕ್ಷರ ನೋಡ್ತಾ ಇದ್ದ. ಖೇತ್, ಲಾಮೆದ್, ಬೇತ್. ಒಂದೊಂದು ಅಕ್ಷರದ ಹೆಸರೂ ಸರಿಯಾಗಿ ಹೇಳಿದ, ಕೂಡಿಸಿ ಓದ್ಲಿಕ್ಕೆ ಆಗಲಿಲ್ಲ. ಇದು ಖಲಾವ್, ಹಾಲು, ನಿನ್ನೆ ರಾತ್ರಿ ನೀನು ಇದನ್ನೇ ಹಾಡಿದ್ದು, ಎರೆತ್ಸ್ ಝಾವತ್ ಖಲಾವ್ ಉದ್ವಾಶ್ ಅಂತಾರಲ್ಲ, ಹಾಲೂ ಜೇನೂ ಹರಿಯುವ ದೇಶ, ಅದರಲ್ಲಿ ಬರುವ ಖಲಾವ್ ಇದೇ ಅಂದೆ. ಆ ಮಗುವಿನ ಮುಖ ನೀವು ನೋಡಬೇಕಿತ್ತು. ಪ್ಯಾಕೆಟ್ ಹಿಡಿದುಕೊಂಡೇ ಅಜ್ಜಿಯ ರೂಮಿಗೆ ಓಡಿದ, "ಸಾವ್ತಾ, ಖಲಾವ್! ಖಲಾವ್!" ಅಂತ.

ಇದನ್ನು ಓದುವ ನಮ್ಮ ಕನ್ನಡದವರಿಗೆ ಒಂದು ವಿಷಯ ಹೇಳ್ಬೇಕು. ಹೀಬ್ರೂದಲ್ಲಿ 22 ಅಕ್ಷರ, ಎಲ್ಲಾ ವ್ಯಂಜನವೇ, ಬಲದಿಂದ ಎಡಕ್ಕೆ ಬರೆಯುವುದು. ಸ್ವರಕ್ಕೆ ಅಕ್ಷರದ ಕೆಳಗೆ ಮೇಲೆ ಚುಕ್ಕೆ, ಗೀಟು ಹಾಕ್ತಾರೆ, ಅದಕ್ಕೆ ನಿಕ್ಕೂದ್ ಅಂತ ಹೆಸರು. ಪ್ರಾರ್ಥನೆ ಪುಸ್ತಕದಲ್ಲಿ, ಮಕ್ಕಳ ಪುಸ್ತಕದಲ್ಲಿ ಅದು ಇರ್ತದೆ. ಪೇಪರಲ್ಲಿ, ಬಸ್ಸಿನ ಬೋರ್ಡಲ್ಲಿ, ಹಾಲಿನ ಪ್ಯಾಕೆಟಲ್ಲಿ ಇರುವುದಿಲ್ಲ, ಸಿನಗಾಗ್‌ನ ತೋರಾ ಸುರುಳಿಯಲ್ಲೂ ಇಲ್ಲ. ಕನ್ನಡದಲ್ಲಿ ಇಳಿ, ಕೊಂಬು, ದೀರ್ಘ ಎಲ್ಲಾ ತೆಗೆದು ಮರ, ಮಾರಿ, ಮೂರು, ಮೊರ ನಾಲ್ಕನ್ನೂ 'ಮರ' ಅಂತಲೇ ಬರೆದ್ರೆ ಹೇಗೆ, ಹಾಗೆ. ಭಾಷೆ ಗೊತ್ತಿದ್ದವರಿಗೆ ಕಷ್ಟ ಇಲ್ಲ, ಬಾಗಿಲಿಗೆ 'ಮರ' ಬಂತು ಅಂದ್ರೆ ಮಾರಿಯೋ ಮೊರವೋ ಅಂತ ಮುಂದಿನ ಮಾತಲ್ಲಿ ತಿಳೀತದೆ. ಭಾಷೆ ಗೊತ್ತಿಲ್ಲದೆ ಬರೀ ಅಕ್ಷರ ಕಲಿತ ಮಗು ಚುಕ್ಕೆ ಇಲ್ಲದ ಕಡೆ ನಿಂತೇಬಿಡ್ತದೆ. ಅಂದ್ರೆ ಹಿರಿಯರೇ, ನೀವು ವರ್ಷಗಟ್ಟಲೆ ಓದು ಕಲಿಸಿದ್ರೂ ಮಾತು ಕಲಿಸದೆ ಓದು ಕೂಡ ಪೂರ್ತಿ ಆಗುವುದಿಲ್ಲ, ಇದು ಬೇರೆ ಭಾಷೆಗಿಂತ ಹೀಬ್ರೂದಲ್ಲಿ ಜಾಸ್ತಿ ನಿಜ.

ಇದು ಒಂದು ಮನೆಯ ಕಥೆ ಮಾತ್ರ ಆಗಿದ್ರೆ ನಾನು ಬರೀತಾ ಇರಲಿಲ್ಲ. 2013ರಲ್ಲಿ ಪ್ಯೂ ರಿಸರ್ಚ್ ಅನ್ನುವ ಸಮೀಕ್ಷೆ ಸಂಸ್ಥೆಯವರು ಅಮೆರಿಕದ ಯಹೂದಿಗಳ ಸರ್ವೆ ಮಾಡಿದಾಗ ನೂರಕ್ಕೆ 52 ಜನ ತಮಗೆ ಹೀಬ್ರೂ ಅಕ್ಷರ ಗೊತ್ತು ಅಂದಿದ್ರು, ಓದಿದ್ರೆ ಹೆಚ್ಚಿನ ಶಬ್ದ ಅರ್ಥ ಆಗ್ತದೆ ಅಂದವರು ಬರೀ 13. ಈ ಎರಡು ನಂಬರಿನ ನಡುವೆ ಇರುವ ಜನ ಸಾಮಾನ್ಯರಲ್ಲ, ಅವರ ಅಪ್ಪ ಅಮ್ಮ ಭಾನುವಾರ ಬೆಳಿಗ್ಗೆ ಎಬ್ಬಿಸಿ ಕಾರಲ್ಲಿ ಕೂರಿಸಿ ಕ್ಲಾಸಿಗೆ ಬಿಟ್ಟಿದ್ದಾರೆ, ಫೀಸ್ ಕಟ್ಟಿದ್ದಾರೆ, ಮಕ್ಕಳೂ ಹೋಗಿ ಕೂತಿದ್ದಾರೆ. ಕಷ್ಟ ಪಟ್ಟಾಗಿದೆ. ಬಾಗಿಲ ತನಕ ಬಂದು ಒಳಗೆ ಕಾಲಿಡದ ಹಾಗೆ ಆಗಿದೆ ಅಷ್ಟೇ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ನನ್ನ ಸಾವ್ತಾ ರೊಮೇನಿಯಾದಿಂದ 1951ರಲ್ಲಿ ಹಡಗಲ್ಲಿ ಇದೇ ಹೈಫಾ ಬಂದರಿಗೆ ಬಂದಾಗ ಹದಿನಾಲ್ಕು ವರ್ಷ, ಮನೆಯಲ್ಲಿ ಯಿದ್ದಿಷ್ (ಯುರೋಪಿನ ಯಹೂದಿಗಳ ಮನೆಮಾತು), ಹೊರಗೆ ರೊಮೇನಿಯನ್. ಅವರನ್ನು ಕಿಬ್ಬುಟ್ಸಿಗೆ, ಅಂದ್ರೆ ಎಲ್ಲರೂ ಒಟ್ಟಿಗೆ ದುಡಿದು ಬದುಕುವ ಊರಿಗೆ, ಹಾಕಿದ್ರಂತೆ, ಅರ್ಧ ದಿನ ಹೊಲದ ಕೆಲಸ, ಅರ್ಧ ದಿನ ಹೀಬ್ರೂ ಪಾಠ. ಆರು ತಿಂಗಳಲ್ಲಿ ಮಾತಾಡ್ಲಿಕ್ಕೆ ಬಂತು. ಅವರ ಅಮ್ಮನಿಗೆ ಮಾತ್ರ ಕೊನೆ ತನಕ ಬರಲೇ ಇಲ್ಲ, ಅಂಗಡಿಗೆ ಡಾಕ್ಟರ ಹತ್ರ ಆಫೀಸಿಗೆ ಎಲ್ಲಾ ಕಡೆ ಸಾವ್ತಾ ಜೊತೆಗೆ ಹೋಗಿ ಅಮ್ಮನ ಮಾತನ್ನು ಹೀಬ್ರೂ ಮಾಡಿ ಹೇಳ್ಬೇಕಿತ್ತು. ಆ ಹುಡುಗ ವಾಪಸ್ ಹೋದ ರಾತ್ರಿ ಅವರು ನನ್ನ ಹತ್ರ ಹೇಳಿದ್ದು ಇದು: ಆಗ ನನ್ನ ಅಮ್ಮನಿಗೂ ಈ ದೇಶಕ್ಕೂ ನಡುವೆ ನಾನು ನಿಂತಿದ್ದೆ, ಈಗ ನನಗೂ ನನ್ನ ಮಗನ ಮಗನಿಗೂ ನಡುವೆ ನೀನು ನಿಂತಿದ್ದೀ. ನಾನು ಏನೂ ಹೇಳಲಿಲ್ಲ, ಕಾಲಿಗೆ ಎಣ್ಣೆ ಹಚ್ಚುತ್ತಾ ಕೂತೆ.

ನಮ್ಮ ಮನೆ ಇರುವುದು ಹೈಫಾದ ಹದಾರ್ ಅನ್ನುವ ಏರಿಯಾದಲ್ಲಿ. ಸಾವ್ತಾನ ವ್ಹೀಲ್‌ಚೇರ್ ತಳ್ಳಿಕೊಂಡು ಹೋಗುವಾಗ ಟೆಕ್ನಿಯಾನ್ ಅನ್ನುವ ಇಂಜಿನಿಯರಿಂಗ್ ಕಾಲೇಜಿನ ಹಳೇ ಬಿಲ್ಡಿಂಗ್ ಸಿಗ್ತದೆ, ಈಗ ಅದು ಸೈನ್ಸ್ ಮ್ಯೂಸಿಯಂ. 1913ರಲ್ಲಿ ಅದು ಇನ್ನೂ ಓಪನ್ ಆಗುವ ಮೊದಲೇ ದೊಡ್ಡ ಜಗಳ, ದುಡ್ಡು ಹಾಕಿದ ಜರ್ಮನಿಯ ಯಹೂದಿ ಸಂಸ್ಥೆಯವರು ವಿಜ್ಞಾನವನ್ನು ಜರ್ಮನ್ ಭಾಷೆಯಲ್ಲೇ ಕಲಿಸ್ಬೇಕು ಅಂದ್ರು, ಹೀಬ್ರೂದಲ್ಲಿ ಆಗ ಅದಕ್ಕೆ ಶಬ್ದಗಳೂ ಪುಸ್ತಕಗಳೂ ಇರಲಿಲ್ಲ ನಿಜ. ಆದ್ರೆ ಟೀಚರ್‌ಗಳೂ ಮಕ್ಕಳೂ ಆ ಸಂಸ್ಥೆಯ ಬೇರೆ ಶಾಲೆಗಳನ್ನು ಬಿಟ್ಟು ಹೊರಗೆ ಬಂದು ಸ್ಟ್ರೈಕ್ ಮಾಡಿದ್ರು. ಕೊನೆಗೆ 1924ರಲ್ಲಿ ಕ್ಲಾಸ್ ಶುರು ಆದದ್ದು ಹೀಬ್ರೂದಲ್ಲೇ. ಆ ಜಗಳ ಮಾಡಿದ ಟೀಚರ್‌ಗಳು ನಿಮ್ಮ ಹಾಗೆ ಸಂಬಳ ಕಮ್ಮಿ, ಪುಸ್ತಕ ಕಮ್ಮಿ ಇದ್ದವರೇ.

ಅದಕ್ಕೂ ಮೊದಲು, ಹೀಬ್ರೂವನ್ನು ಮತ್ತೆ ಆಡುಮಾತು ಮಾಡ್ಲಿಕ್ಕೆ ಹೊರಟ ಎಲಿಯೇಝರ್ ಬೆನ್ ಯೆಹೂದಾ 1881ರಲ್ಲಿ ಜೆರುಸಲೇಮಿಗೆ ಬಂದು ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತು ಬೇಡ ಅಂತ ಹಠ ಹಿಡಿದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು. 1882ರಲ್ಲಿ ಹುಟ್ಟಿದ ಮಗ ಆ ಭಾಷೆಯನ್ನೇ ತಾಯಿಮಾತಾಗಿ ಕಲಿತ. ನನಗೆ ಅದರಲ್ಲಿ ಹಿಡಿಸುವುದು ಆ ಹಠಕ್ಕಿಂತ ಜಾಸ್ತಿ ಅದರ ಹಿಂದಿನ ದಿನನಿತ್ಯದ ಕಷ್ಟ. ಮಗುವಿನ ಜೊತೆ ಮಾತಾಡ್ಲಿಕ್ಕೆ ಸಾವಿರಾರು ವರ್ಷದ ಪ್ರಾರ್ಥನೆಯ ಭಾಷೆಯಲ್ಲಿ ಶಬ್ದ ಬೇಕಲ್ಲ, ಐಸ್‌ಕ್ರೀಮಿಗೆ ಏನು ಹೇಳುವುದು, ಡಿಕ್ಷನರಿಗೆ ಏನು ಹೇಳುವುದು. ಗ್ಲಿದಾ, ಮಿಲೋನ್ ಅಂತ ಒಂದೊಂದೇ ಕಟ್ಟಿದ್ರು. 1886ರಲ್ಲಿ ರಿಶೋನ್ ಲೆಝಿಯೋನ್ ಅನ್ನುವ ಸಣ್ಣ ಹಳ್ಳಿಯಲ್ಲಿ ಹೀಬ್ರೂದಲ್ಲಿ ಪಾಠ ಮಾಡುವ ಶಾಲೆ ಶುರುವಾಯ್ತು. ದೊಡ್ಡ ಪಂಡಿತರ ಪುಸ್ತಕದಿಂದ ಭಾಷೆಗೆ ಜೀವ ಬಂದದ್ದು ಸ್ವಲ್ಪ, ಮಕ್ಕಳ ಆಟ ಜಗಳ ಹಸಿವಿನಿಂದ ಬಂದದ್ದು ಜಾಸ್ತಿ.

ನಿಮ್ಮ ಅಮೆರಿಕದಲ್ಲೂ ಇದು ಆಗಿದೆ, ನಾನು ಹೊಸತು ಎಂತದೂ ಹೇಳ್ತಾ ಇಲ್ಲ. 1838ರಲ್ಲಿ ಫಿಲಡೆಲ್ಫಿಯಾದಲ್ಲಿ ರೆಬೆಕಾ ಗ್ರಾಟ್ಜ್ ಅನ್ನುವ ಹೆಂಗಸು ಶುರು ಮಾಡಿದ ಸಂಡೇ ಸ್ಕೂಲಿನ ಪದ್ಧತಿ ವಾರಕ್ಕೊಂದು ದಿನ, ಇಂಗ್ಲಿಷಲ್ಲಿ ಪಾಠ, ಅದು ಇವತ್ತಿನ ತನಕ ಬಂದಿದೆ. ಆದ್ರೆ 1910ರ ಹೊತ್ತಿಗೆ ನ್ಯೂಯಾರ್ಕಲ್ಲಿ ಸ್ಯಾಮ್ಸನ್ ಬೆಂಡರ್ಲಿ ಅನ್ನುವವರು ಹೀಬ್ರೂವನ್ನು ಹೀಬ್ರೂದಲ್ಲೇ ಕಲಿಸುವ ಟೀಚರ್‌ಗಳನ್ನು ತಯಾರು ಮಾಡ್ತಾ ಇದ್ರು. 1941ರಲ್ಲಿ ಮಸ್ಸಾದ್ ಸಮ್ಮರ್ ಕ್ಯಾಂಪ್ ಬಂತು, 1947ರಲ್ಲಿ ರಾಮಾ ಕ್ಯಾಂಪ್. ಮಸ್ಸಾದ್‌ನಲ್ಲಿ ಬೇಸ್‌ಬಾಲ್ ಕೂಡ ಹೀಬ್ರೂದಲ್ಲೇ. ಅಮೆರಿಕದ ಮಕ್ಕಳು ಬೇಸ್‌ಬಾಲ್ ಆಡುವಾಗ ಕೂಗಾಡುವ ಮಾತು ಹೀಬ್ರೂ ಆದ್ರೆ ಆ ಭಾಷೆ ಅವರದ್ದೇ ಆಯ್ತು ಅಲ್ವಾ? ಮಸ್ಸಾದ್ 1981ರಲ್ಲಿ ಮುಚ್ಚಿತು. ಮುಚ್ಚಿದ್ದು ಭಾಷೆ ಬೇಡ ಅಂತಲೇ ಅಂತ ನಾನು ಹೇಳುವುದಿಲ್ಲ, ಆದ್ರೆ ಅಂಥದ್ದು ನೀವು ಒಮ್ಮೆ ಮಾಡಿ ತೋರಿಸಿದ್ದೀರಿ ಅನ್ನುವುದು ಮುಖ್ಯ.

ನಾನು ಕಲಿತದ್ದು ಹೇಗೆ ಅಂತ ಹೇಳ್ತೇನೆ, ಯಾಕಂದ್ರೆ ನನ್ನ ಮಾತಿನ ಗಟ್ಟಿ ಭಾಗ ಅದೇ. ಬಂದ ಮೊದಲ ವಾರ ನನಗೆ ಗೊತ್ತಿದ್ದ ಹೀಬ್ರೂ ಅಂದ್ರೆ ಆಮೆನ್, ಹಲ್ಲೆಲೂಯಾ, ಹೊಸನ್ನ, ಸಬ್ಬತ್ತು, ಎಲ್ಲಾ ಕನ್ನಡ ಬೈಬಲ್ಲಿನಿಂದ ಬಂದದ್ದು. ಒಂದು ರಾತ್ರಿ ಎರಡು ಗಂಟೆಗೆ ಸಾವ್ತಾ "ಕೋಎವ್ ಲಿ, ಕೋಎವ್ ಲಿ" ಅಂತ ಕೂಗ್ತಾ ಇದ್ರು, ನನಗೆ ಅರ್ಥ ಆಗಲಿಲ್ಲ, ನೀರು ಕೊಟ್ಟೆ, ಕಂಬಳಿ ಹೊದಿಸಿದೆ, ಲೈಟ್ ಹಾಕಿದೆ, ಅವರು ಅಳ್ತಾ ಇದ್ರು. ಕೋಎವ್ ಅಂದ್ರೆ ನೋವು. ಬೆಳಿಗ್ಗೆ ಪಕ್ಕದ ಮನೆಯವರು ಹೇಳಿದ ಮೇಲೆ ಗೊತ್ತಾಯ್ತು. ಅವತ್ತೇ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದು ಮೊದಲನೇ ಸಾಲಲ್ಲಿ ಕನ್ನಡ ಅಕ್ಷರದಲ್ಲಿ 'ಏಫೋ ಕೋಎವ್' ಅಂತ ಬರೆದೆ, ಎಲ್ಲಿ ನೋವು ಅಂತ. ಆಮೇಲೆ ಮಾತ್ರೆ, ಬಿಸಿ, ತಣ್ಣಗೆ, ಎದ್ದೇಳಿ, ನಿಧಾನ, ಬಿಲ್ಲು ಎಷ್ಟಾಯ್ತು. ಎಂಟು ತಿಂಗಳಲ್ಲಿ ಕ್ಲಿನಿಕ್ಕಿನ ಕ್ಯೂನಲ್ಲಿ ನನ್ನ ನಂಬರಿಗಾಗಿ ವಾದ ಮಾಡುವಷ್ಟು ಬಂತು. ಆ ಹುಡುಗ ಬಾಯಿಪಾಠ ಮಾಡಿದ್ದೂ ಎಂಟೇ ತಿಂಗಳು. ನನಗೆ ಅವನಿಗಿಂತ ಬುದ್ಧಿ ಜಾಸ್ತಿ ಅಂತ ಅಲ್ಲ, ನನಗೆ ಆ ಭಾಷೆ ಇಲ್ಲದೆ ದಿನ ದೂಡ್ಲಿಕ್ಕೆ ಸಾಧ್ಯ ಇರಲಿಲ್ಲ, ಅವನಿಗೆ ಆ ಭಾಷೆಯಿಂದ ಆಗುವ ಕೆಲಸ ಒಂದೂ ಇರಲಿಲ್ಲ.

ಹಾಗಾಗಿ ನಿಮ್ಮ ಹತ್ರ ಕೇಳುವುದು, ನಿಮ್ಮ ಸಮುದಾಯದೊಳಗೆ ಹೀಬ್ರೂ ಇಲ್ಲದೆ ಆಗದ ಒಂದು ಜಾಗ ಮಾಡಿ. ದೊಡ್ಡದು ಬೇಡ. ಶನಿವಾರ ಪ್ರಾರ್ಥನೆ ಮುಗಿದು ಕಿದ್ದುಷ್ ಅಂತ ಎಲ್ಲರೂ ಸೇರಿ ತಿಂಡಿ ತಿನ್ನುತ್ತೀರಲ್ಲ, ಅಲ್ಲಿ ಒಂದು ಟೇಬಲ್ಲು ಹೀಬ್ರೂ ಟೇಬಲ್ಲು ಅಂತ ಇರಲಿ, ಆ ಟೇಬಲ್ಲಿನ ಕೇಕು ಬೇಕಾದ್ರೆ ಕೇಕು ಕೊಡಿ ಅಂತ ಹೀಬ್ರೂದಲ್ಲೇ ಕೇಳ್ಬೇಕು. ಮಕ್ಕಳಿಗಿಂತ ಮೊದಲು ಕಮಿಟಿಯ ಹಿರಿಯರೇ ಅಲ್ಲಿ ಕೂರಲಿ. ಅಪ್ಪ ಅಮ್ಮ ಗೇಟಿನ ಹತ್ರ ಬಿಟ್ಟು ಕಾಫಿಗೆ ಹೋಗುವ ಭಾಷೆಯನ್ನು ಯಾವ ಮಗುವೂ ತನ್ನದು ಅಂದುಕೊಳ್ಳುವುದಿಲ್ಲ, ಇದು ಹೊರದೇಶದ ನಮ್ಮ ಕನ್ನಡ ಕ್ಲಾಸುಗಳಲ್ಲೂ ಹೀಗೇ ಅಂತ ನನ್ನ ಚಿಕ್ಕಮ್ಮನ ಮಗಳು ಹೇಳ್ತಾಳೆ. ದೊಡ್ಡವರಿಗೆ ನಾಚಿಕೆ ಆಗ್ತದೆ ಗೊತ್ತುಂಟು. 1949ರಲ್ಲಿ ಜೆರುಸಲೇಮಿನಲ್ಲಿ ಮೊದಲ ಉಲ್ಪಾನ್, ಅಂದ್ರೆ ಹೀಬ್ರೂ ಕಲಿಸುವ ಶಾಲೆ, ಶುರು ಮಾಡಿದ್ದೇ ದೊಡ್ಡವರಿಗಾಗಿ, ಡಾಕ್ಟರು ಇಂಜಿನಿಯರು ಆಗಿದ್ದವರು ಸಣ್ಣ ಮಕ್ಕಳ ಹಾಗೆ ಬೆಂಚಲ್ಲಿ ಕೂತು ಇದು ಕುರ್ಚಿ, ಇದು ಮೇಜು ಅಂತ ಶುರು ಮಾಡಿದವರೇ.

ಟೀಚರ್‌ಗಳಿಗೆ ಒಂದು ಮಾತು. ಹೀಬ್ರೂದಲ್ಲಿ ಮೂರು ಅಕ್ಷರದ ಬೇರು ಸಿಕ್ಕಿದ್ರೆ ಅದಕ್ಕೆ ಹತ್ತು ಶಬ್ದ ತೂಗ್ತಾ ಇರ್ತದೆ, ನೀವು ಶೋರೆಶ್ ಅನ್ನುವುದು. ಕಾಫ್ ತಾವ್ ಬೇತ್ ತೆಗೊಳ್ಳಿ, ಬರೆದ ಅನ್ನುವುದು ಕತಾವ್, ನಾನು ಬರೀತಾ ಇರುವ ಪತ್ರ ಮಿಖ್ತಾವ್, ಅದರ ವಿಳಾಸ ಕ್ತೋವೆತ್, ಮದುವೆಯ ಕರಾರು ಕ್ತುಬಾ. ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ ಖುಷಿಯಲ್ಲಿ. ಆ ಹುಡುಗನ ಪ್ರಾರ್ಥನೆ ಪುಸ್ತಕದಲ್ಲಿ ಇಂಥ ಬೇರುಗಳು ನೂರಾರು ಇವೆ, ಯಾರೂ ಅವನಿಗೆ ತೋರಿಸಿಲ್ಲ, ರಾಗ ಮಾತ್ರ ಕೊಟ್ಟಿದ್ದಾರೆ. ರಾಗ ಬೇಡ ಅನ್ನುವುದಿಲ್ಲ, ಆ ರಾಗಕ್ಕೆ ಸಾವ್ತಾ ಅತ್ತದ್ದು ನಾನು ನೋಡಿದ್ದೇನೆ. ಹತ್ತು ಸಾಲು ಕಮ್ಮಿ ಹಾಡಿಸಿ, ಹಾಡಿದ ಸಾಲಿನ ಶಬ್ದ ಒಂದೊಂದೂ ಅವನ ಕೈಗೆ ಸಿಗಲಿ.

ಇಂಗ್ಲಿಷ್ ಅನುವಾದ ಉಂಟಲ್ಲ, ಯಹೂದಿಗಳು ಯಾವಾಗಲೂ ಬೇರೆ ಭಾಷೆಯಲ್ಲೇ ಬದುಕಿದವರಲ್ವಾ, ಯಿದ್ದಿಷ್, ಲಾದಿನೋ (ಸ್ಪೇನ್ ಮೂಲದ ಯಹೂದಿಗಳ ಮಾತು), ಅರೇಬಿಕ್ ಅಂತ ನಿಮ್ಮಲ್ಲಿ ಕೆಲವರು ಹೇಳ್ತಾರೆ. ಸರಿಯೇ. ಆದ್ರೆ ಆ ಭಾಷೆಗಳನ್ನೂ ಅವರು ಹೆಚ್ಚಾಗಿ ಹೀಬ್ರೂ ಅಕ್ಷರದಲ್ಲೇ ಬರೆದ್ರು. ಮತ್ತೆ ಅನುವಾದದ ಮೇಲೆ ನನಗೆ ಎಷ್ಟು ಗೌರವ ಅಂದ್ರೆ ನನ್ನ ದೇವರ ಮಾತೆಲ್ಲ ನನಗೆ ಬಂದದ್ದು ಕನ್ನಡದ ಅನುವಾದದಲ್ಲಿ, ಆದ್ರೂ ಅನುವಾದ ಮಾಡುವವಳು ನಡುವೆ ಕೂತ ಕೂಡ್ಲೆ ಅಜ್ಜಿ ಮೊಮ್ಮಗ ಇಬ್ಬರೂ ಅವಳ ಮುಖ ನೋಡ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಬೈಬಲ್ಲಿನ ನೆಹೆಮೀಯನ ಪುಸ್ತಕ 13ನೇ ಅಧ್ಯಾಯದಲ್ಲಿ ಉಂಟಲ್ಲ, ಮಕ್ಕಳಲ್ಲಿ ಅರ್ಧ ಜನ ಅಷ್ಡೋದಿನ ಭಾಷೆ ಆಡ್ತಾರೆ, ಯೆಹೂದ್ಯರ ಮಾತು ಅವರಿಗೆ ಬರುವುದಿಲ್ಲ ಅಂತ. ನೆಹೆಮೀಯ ಸಿಟ್ಟಲ್ಲಿ ಜನರನ್ನು ಹೊಡೆದು ಕೂದಲು ಕಿತ್ತ. ನೀವು ಹಾಗೆ ಮಾಡಬೇಡಿ. 1920, 30ರ ದಶಕದಲ್ಲಿ ಟೆಲ್ ಅವೀವ್‌ನಲ್ಲಿ "ಇವ್ರಿ, ದಬ್ಬೇರ್ ಇವ್ರಿತ್", ಹೀಬ್ರೂ ಜನವೇ ಹೀಬ್ರೂ ಮಾತಾಡು ಅಂತ ರಸ್ತೆಯಲ್ಲಿ ಜನರನ್ನು ಗದರಿಸುವ ಯುವಕರ ಗುಂಪು ಇತ್ತು, ಯಿದ್ದಿಷ್ ಮಾತಾಡುವವರಿಗೆ ಅವಮಾನ. ಸಾವ್ತಾನ ಅಮ್ಮ ಐವತ್ತರ ದಶಕದಲ್ಲೂ ಬಸ್ಸಲ್ಲಿ ಬಾಯಿ ಬಿಡ್ತಾ ಇರಲಿಲ್ಲವಂತೆ ಹೆದರಿ. ಒಂದು ಭಾಷೆ ಕಲಿಸ್ಲಿಕ್ಕೆ ಇನ್ನೊಂದರ ಬಾಯಿ ಮುಚ್ಚಿಸಬೇಕು ಅಂತ ಇಲ್ಲ, ಮೂರು ನಾಲ್ಕು ಭಾಷೆಯಲ್ಲಿ ಬೆಳೆದ ಮಂಗಳೂರಿನವಳು ಹೇಳ್ತಾ ಇದ್ದೇನೆ ಇದನ್ನು.

ತಡ ಆಗಿಲ್ಲ ಅಂತಲೂ ನನಗೆ ಧೈರ್ಯ ಉಂಟು. ನಮ್ಮ ಕೊಂಕಣ ತೀರದ ಬೆನೆ ಇಸ್ರಾಯೇಲರು ಅನ್ನುವ ಯಹೂದಿಗಳು ಗಾಣದಲ್ಲಿ ಎಣ್ಣೆ ತೆಗೆದು ಬದುಕಿದವರು, ಸಬ್ಬತ್ತಿನ ವಿಶ್ರಾಂತಿಗೆ ಶನಿವಾರ ಗಾಣ ನಿಲ್ಲಿಸ್ತಾರೆ ಅಂತ ಊರವರು ಶನಿವಾರ ತೇಲಿ, ಅಂದ್ರೆ ಶನಿವಾರದ ಗಾಣಿಗರು, ಅಂತ ಕರೀತಾ ಇದ್ರು. ಮಾತೆಲ್ಲ ಮರಾಠಿ ಆಗಿ ಹೀಬ್ರೂ ಮರೆತೇ ಹೋಗಿತ್ತು, ಉಳಿದದ್ದು "ಶ್ಮಾ ಯಿಸ್ರಾಯೇಲ್" ಅನ್ನುವ ಒಂದು ಪ್ರಾರ್ಥನೆ. ಅಷ್ಟನ್ನು ಹಿಡಿದುಕೊಂಡಿದ್ರು, ಕಲಿಸುವವರು ಬಂದಾಗ ಉಳಿದದ್ದನ್ನೂ ಕಲಿತ್ರು. ಇವತ್ತು ಅವರ ಮೊಮ್ಮಕ್ಕಳು ಇಲ್ಲಿ ಇಸ್ರೇಲ್‌ನ ದಿಮೋನಾದಲ್ಲಿ ಅಷ್ದೋದ್‌ನಲ್ಲಿ ಹೀಬ್ರೂದಲ್ಲೇ ಜಗಳ ಆಡ್ತಾರೆ. ನಿಮ್ಮ ಹುಡುಗನ ಹತ್ರ ಅವರಿಗಿಂತ ಎಷ್ಟೋ ಜಾಸ್ತಿ ಉಂಟು.

ಕೊನೆಯದಾಗಿ ಒಂದು ಪ್ಲಾನ್, ಖರ್ಚಿಲ್ಲದ್ದು. ಖಲಾವ್ ಆದ ಮೇಲೆ ಆ ಹುಡುಗನಿಗೆ ದಿನಾ ಒಂದು ಶಬ್ದ ನಾವು ವಾಯ್ಸ್ ಮೆಸೇಜ್ ಕಳಿಸ್ತೇವೆ, ಸಾವ್ತಾ ಹೇಳುವುದು, ನಾನು ರೆಕಾರ್ಡ್ ಮಾಡುವುದು. ಅವನು ವಾಪಸ್ ಕಳಿಸ್ತಾನೆ. ಮೊದಲಿಗೆ ಬರೀ ಶಬ್ದ ಇತ್ತು, ಈಗ ವಾಕ್ಯ ಆಗಿದೆ. ಹೋದ ವಾರ "ಸಾವ್ತಾ, ಮಾ ಆಖಲ್ತ್ ಹಯೋಮ್?" ಅಂತ ಬಂತು, ಅಜ್ಜಿ ಇವತ್ತು ಎಂತ ಊಟ ಅಂತ. ಹೆಂಗಸಿಗೆ ಹೇಳುವ ಆಖಲ್ತ್ ಅಂತಲೇ ಹೇಳಿದ್ದಾನೆ, ಗಂಡಸಿನ ಆಖಲ್ತಾ ಅನ್ನಲಿಲ್ಲ, ಸಾವ್ತಾ ಅದನ್ನು ನಾಲ್ಕು ಸಲ ಹಾಕಿಸಿ ಕೇಳಿದ್ರು. ನಮ್ಮ ಬೀದಿಯಲ್ಲೇ ಇಂಥ ಅಜ್ಜಿ ಅಜ್ಜಂದಿರು ಏಳೆಂಟು ಜನ ಇದ್ದಾರೆ, ಅವರನ್ನು ನೋಡಿಕೊಳ್ಳುವವರು ನನ್ನ ಫ್ರೆಂಡ್ಸ್, ಫೋನ್ ಹಿಡಿದುಕೊಳ್ಳುವುದು ವಿಡಿಯೋ ಹಾಕಿ ಕೊಡುವುದು ನಾವು ಮಾಡ್ತೇವೆ. ಭಾನುವಾರ ನ್ಯೂಜೆರ್ಸಿ ಕಡೆ ಬೆಳಿಗ್ಗೆ ಒಂಬತ್ತೂವರೆಗೆ ಮಕ್ಕಳು ಕ್ಲಾಸಿಗೆ ಬಂದು ಕೂರುವಾಗ ಇಲ್ಲಿ ಸಂಜೆ ನಾಲ್ಕೂವರೆ, ಮಧ್ಯಾಹ್ನದ ನಿದ್ದೆ ಮುಗಿಸಿ ಟೀ ಕುಡಿದು ಎಲ್ಲರೂ ಬಾಲ್ಕನಿಯಲ್ಲಿ ಸುಮ್ಮನೆ ಕೂತಿರ್ತಾರೆ.

ಇಂತಿ,
ಹೈಫಾದಿಂದ ಒಬ್ಬಳು ಮಂಗಳೂರಿನವಳು